ಕರಗುವ ಗಡಿಯಾರ, ಬೆಂಗಳೂರಿನ ಆನೆಮರಿ: ದಾಲಿ ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಸ್ಪೇನಿನ ಕಲಾವಿದ ಸಾಲ್ವಡಾರ್ ದಾಲಿಯ ಪ್ರಸಿದ್ಧ ಚಿತ್ರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ‘ಡಾಲಿ’ ಸರಿಯೋ ‘ದಾಲಿ’ ಸರಿಯೋ? ಆತ ಸ್ಪೇನಿನವನೋ, ಕ್ಯಾಟಲೋನಿಯಾದವನೋ? ಚಿತ್ರಕಾರ ಮಿರೋ ಕೂಡ ಅದೇ ಊರಿನವನಂತೆ, ಹೌದೇ?
— ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ

ದಾಲಿ. ಕ್ಯಾಟಲಾನ್ ಭಾಷೆಯಲ್ಲಿ ಆ ಅಕ್ಷರ ನಮ್ಮ ‘ದ’ದ ಹಾಗೆ ಹಲ್ಲಿಗೆ ತಾಗಿ ಬರುತ್ತದೆ, ಒತ್ತು ಕೊನೆಯ ‘ಲಿ’ ಮೇಲೆ. ಇಂಗ್ಲಿಷ್ ದಾರಿಯಿಂದ ಬಂದಿದ್ದಕ್ಕೆ ನಮ್ಮಲ್ಲಿ ಡಾಲಿ ಆಗಿದೆ. ಹಾಗೆ ಬರೆದರೆ ಕನ್ನಡ ಓದುಗನಿಗೆ ಮೊದಲು ನೆನಪಾಗುವುದು ಸಿನಿಮಾ ನಟ!

ಎರಡನೆಯದಕ್ಕೆ ಎರಡೂ ಸರಿ. ಕ್ಯಾಟಲೋನಿಯಾ ಇರುವುದು ಸ್ಪೇನಿನಲ್ಲೇ, ಆದರೆ ಭಾಷೆ ಬೇರೆ. ದಾಲಿ 1904ರ ಮೇ 11ರಂದು ಹುಟ್ಟಿದ ಫಿಗೆರಸ್ ಪಟ್ಟಣ ಫ್ರಾನ್ಸ್ ಗಡಿಯ ಸಮೀಪದ್ದು. 1989ರ ಜನವರಿ 23ರಂದು ತೀರಿಕೊಂಡದ್ದೂ ಅಲ್ಲಿಯೇ. ಜುವಾನ್ ಮಿರೋ ಹುಟ್ಟಿದ್ದು 1893ರಲ್ಲಿ, ಬಾರ್ಸಿಲೋನಾದಲ್ಲಿ. ಇಬ್ಬರೂ ಅತಿವಾಸ್ತವವಾದಿಗಳ (ಸರ್ರಿಯಲಿಸ್ಟ್, ಕನಸು ಮತ್ತು ಒಳಮನಸ್ಸಿನ ಲೋಕವನ್ನು ಚಿತ್ರಿಸುವವರು) ಗುಂಪಿನಲ್ಲಿದ್ದರೂ ದಾರಿ ತೀರಾ ಬೇರೆ. ಮಿರೋ ನಕ್ಷತ್ರ, ಕಣ್ಣು, ಏಣಿಯಂಥವನ್ನು ಗುರುತುಗಳ ಮಟ್ಟಕ್ಕೆ ಇಳಿಸುತ್ತಾನೆ. ದಾಲಿ ಇಲ್ಲದ ವಸ್ತುವನ್ನೂ ಫೋಟೊ ತೆಗೆದ ಹಾಗೆ ಬರೆಯುತ್ತಾನೆ.

ಪ್ರಶ್ನೆ: ಕರಗುವ ಗಡಿಯಾರದ ಚಿತ್ರ ಐನ್‌ಸ್ಟೈನರ ಸಾಪೇಕ್ಷತೆಯ (ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬ ಸಿದ್ಧಾಂತದ) ಚಿತ್ರಣ ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ. ಅದು ಸರಿಯೇ? ಮೂಲ ಚಿತ್ರ ಎಷ್ಟು ದೊಡ್ಡದು?
— ಚಿತ್ರಕಲಾ ಶಿಕ್ಷಕಿ, ಸಾಗರ

ಅಳತೆಯಿಂದಲೇ ಶುರು ಮಾಡೋಣ. ‘ನೆನಪಿನ ನಿರಂತರತೆ’ (1931) ಎತ್ತರ 24.1 ಸೆಂ.ಮೀ., ಅಗಲ 33 ಸೆಂ.ಮೀ. ಅಂದರೆ ಎ4 ಹಾಳೆಯನ್ನು ಅಡ್ಡ ಇಟ್ಟು ಸುತ್ತ ಒಂದೆರಡು ಬೆರಳು ಜಾಗ ಸೇರಿಸಿದಷ್ಟು. ಪೋಸ್ಟರಿನಲ್ಲಿ ಗೋಡೆಯಗಲ ನೋಡಿ ಬೆಳೆದವರು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮೂಲವನ್ನು ಕಂಡು ‘ಇಷ್ಟೇನಾ’ ಎನ್ನುತ್ತಾರೆ. 1934ರಿಂದ ಅದು ಅಲ್ಲಿದೆ. ತರಗತಿಯಲ್ಲಿ ತೋರಿಸುವಾಗ ಒಮ್ಮೆ ನಿಜವಾದ ಅಳತೆಗೇ ಪ್ರಿಂಟ್ ತೆಗೆಸಿ, ಕೈಯಿಂದ ಕೈಗೆ ದಾಟಿಸಿ. ಇದು ಮುಖದ ಹತ್ತಿರ ಹಿಡಿದು ನೋಡುವ ಚಿತ್ರ, ನಮ್ಮ ಮಿನಿಯೇಚರ್‌ಗಳಂತೆ.

ಹತ್ತಿರ ಹಿಡಿದರೆ ಕಾಣುವುದು ಹೀಗೆ: ಗಡಿಯಾರ ನಾಲ್ಕು, ಮೆತ್ತಗಾದದ್ದು ಮೂರೇ. ಒಂದು ಎಡಗಡೆಯ ಕಟ್ಟೆಯ ಅಂಚಿನಿಂದ ಇಳಿಬಿದ್ದಿದೆ, ಅದರ ಮೇಲೆ ನೊಣ ಕೂತಿದೆ. ಇನ್ನೊಂದು ಒಣಗಿದ ಮರದ ಕೊಂಬೆಯ ಮೇಲೆ. ಮೂರನೆಯದು ನೆಲದಲ್ಲಿ ಬಿದ್ದ ಕಣ್ಮುಚ್ಚಿದ ಮುಖದಂಥ ಆಕೃತಿಯ ಬೆನ್ನ ಮೇಲೆ. ನಾಲ್ಕನೆಯದು ಮುಚ್ಚಳ ಹಾಕಿದ ಕಿತ್ತಳೆ ಬಣ್ಣದ ಜೇಬುಗಡಿಯಾರ. ಅದು ಗಟ್ಟಿಯಾಗಿಯೇ ಇದೆ, ಆದರೆ ಇರುವೆ ಮುತ್ತಿವೆ. ಮೆತ್ತಗಿನವನ್ನು ಬಿಟ್ಟು ಗಟ್ಟಿಯಾದದ್ದಕ್ಕೆ ಇರುವೆ ಮುತ್ತಿರುವುದನ್ನು ಮಕ್ಕಳೇ ಕಂಡುಹಿಡಿಯಲಿ. ದಾಲಿಯ ಚಿತ್ರಗಳಲ್ಲಿ ಇರುವೆ ಬಂದಲ್ಲೆಲ್ಲ ಕೊಳೆಯುವಿಕೆಯ ಸುಳಿವಿರುತ್ತದೆ.

ಹಿಂದಿನ ಬಂಡೆಗಳು ಕನಸಿನವಲ್ಲ. ಫಿಗೆರಸ್‌ನ ಪೂರ್ವಕ್ಕೆ ಸಮುದ್ರಕ್ಕೆ ಚಾಚಿದ ಕಾಪ್ ದೆ ಕ್ರೆಯುಸ್ ಎಂಬ ಭೂಶಿರದ ಬಂಡೆಗಳವು. ನೆಲದಲ್ಲಿ ಬಿದ್ದ ಮುಖವೂ ಅಲ್ಲಿನ ಒಂದು ಬಂಡೆಯ ಆಕಾರಕ್ಕೆ ತನ್ನ ಮುಖ ಸೇರಿಸಿ ಮಾಡಿದ್ದು. ಇದೇ ಮುಖ 1929ರ ‘ಮಹಾ ಹಸ್ತಮೈಥುನಿ’ ಚಿತ್ರದಲ್ಲೂ ಇದೆ, ಅದು ಮ್ಯಾಡ್ರಿಡ್‌ನ ರೇನಾ ಸೋಫಿಯಾ ಸಂಗ್ರಹಾಲಯದಲ್ಲಿದೆ.

ಐನ್‌ಸ್ಟೈನ್ ವಿಚಾರಕ್ಕೆ ಬಂದರೆ, ದಾಲಿಯೇ ಕೊಟ್ಟ ವಿವರಣೆ ತೀರಾ ಅಡುಗೆಮನೆಯದು. ರಾತ್ರಿಯೂಟದ ಕೊನೆಗೆ ತಟ್ಟೆಯಲ್ಲಿ ಹರಿದು ಕೂತ ಕ್ಯಾಮಂಬೇರ್ ಎಂಬ ಮೆತ್ತನೆಯ ಫ್ರೆಂಚ್ ಚೀಸ್. ಹೆಂಡತಿಯಾಗಲಿದ್ದ ಗಾಲಾ ಗೆಳೆಯರ ಜತೆ ಸಿನಿಮಾಕ್ಕೆ ಹೋಗಿದ್ದಳು, ತಲೆನೋವೆಂದು ಈತ ಮನೆಯಲ್ಲೇ ಉಳಿದಿದ್ದ. ಬಂಡೆ, ಸಮುದ್ರ, ಮರ ಮೊದಲೇ ಬರೆದಿಟ್ಟದ್ದು, ಗಡಿಯಾರ ಆ ರಾತ್ರಿ ಸೇರಿತು ಎಂದು ಆತ್ಮಕಥೆಯಲ್ಲಿದೆ. ದಾಲಿ ಹೇಳಿದ್ದನ್ನೆಲ್ಲ ನಂಬಬೇಕಿಲ್ಲ, ಬಣ್ಣ ಕಟ್ಟುವುದರಲ್ಲಿ ಆತ ನಿಸ್ಸೀಮ. ಆದರೂ ಸಾಪೇಕ್ಷತೆಯನ್ನು ‘ಅರ್ಥ’ವೆಂದು ಪರೀಕ್ಷೆಗೆ ಬರೆಸುವುದನ್ನು ಬಿಡುವುದು ಒಳ್ಳೆಯದು. ವಿಜ್ಞಾನದ ಗೀಳು ಹತ್ತಿದ್ದು ಆಮೇಲೆ. 1952–54ರಲ್ಲಿ ಇದೇ ಚಿತ್ರವನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಿ, ನೀರಿನಡಿ ತೇಲಿಸಿ ಮತ್ತೆ ಬರೆದ. ಪರಮಾಣುಯುಗದ ಮಾತು ಹೇಳಬೇಕಾದದ್ದು ಅಲ್ಲಿ. ಅದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನ ದಾಲಿ ಮ್ಯೂಸಿಯಂನಲ್ಲಿದೆ.

ಪ್ರಶ್ನೆ: ಆ ಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಗಡಿಯಾರ ಒದ್ದೆ ಟವೆಲ್‌ನಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?
— ದೃಶ್ಯಕಲಾ ವಿದ್ಯಾರ್ಥಿನಿ, ಮೈಸೂರು

ಮಡಿಕೆ ಜಾಸ್ತಿಯಾಗಿದೆ. ಮೂಲವನ್ನು ನೋಡಿ: ಕಟ್ಟೆಯ ಅಂಚಿನ ಗಡಿಯಾರಕ್ಕೆ ಇರುವುದು ಒಂದೇ ಬಾಗು, ಅಂಚು ಬಂದಲ್ಲಿ. ಆಕಾರ ಮಾತ್ರ ಮೆತ್ತಗೆ, ಉಳಿದೆಲ್ಲ ಲೋಹ. ಸುತ್ತಿನ ಚೌಕಟ್ಟಿನ ದಪ್ಪ ಎಲ್ಲೂ ಕಡಿಮೆಯಾಗುವುದಿಲ್ಲ. ಹೊಳಪು ಸಣ್ಣ, ಚೂಪು. ನೆರಳಿನ ಅಂಚು ಸ್ಪಷ್ಟ. ಬಟ್ಟೆಗೆ ಹಾಕುವ ಮಸುಕು ನೆರಳನ್ನು ಗಡಿಯಾರಕ್ಕೆ ಹಾಕಿದರೆ ಅದು ಬಟ್ಟೆಯೇ ಆಗುತ್ತದೆ.

ಮಾದರಿ ಬೇಕಿದ್ದರೆ ಅಡುಗೆಮನೆಯಲ್ಲಿದೆ. ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, 3–4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 15 ಸೆಂ.ಮೀ. ತಟ್ಟೆ ಒತ್ತಿ ವೃತ್ತ ಕತ್ತರಿಸಿ. ಹಲ್ಲುಕಡ್ಡಿಯಿಂದ ಹನ್ನೆರಡು ಅಂಕಿ ಗೀರಿ, ರಟ್ಟಿನ ಪೆಟ್ಟಿಗೆಯ ಅಂಚಿನಲ್ಲಿ ಮೂರರಲ್ಲೊಂದು ಭಾಗ ಇಳಿಬಿಡಿ. ಎಡದಿಂದ ಒಂದೇ ದೀಪ ಹಾಕಿ. ಇದಕ್ಕಿಂತ ತೆಳು ಮಾಡಿದರೆ ಸುಕ್ಕುಗಟ್ಟಿ ಮತ್ತೆ ಟವೆಲ್ಲೇ. ನೀರು ಹೆಚ್ಚಾದರೆ ಐದು ನಿಮಿಷದಲ್ಲಿ ಜಗ್ಗಿ ಹರಿಯುತ್ತದೆ. ಅಂಕಿಗಳು ಬಾಗಿನ ಹತ್ತಿರ ಹೇಗೆ ಒತ್ತೊತ್ತಾಗಿ, ಕೆಳಗೆ ಹೇಗೆ ಉದ್ದುದ್ದವಾಗಿ ಕಾಣುತ್ತವೆ ಎಂಬುದನ್ನು ಮೊದಲು ಪೆನ್ಸಿಲ್‌ನಲ್ಲಿ ಹಿಡಿಯಿರಿ. ಅಂಕಿ ಸರಿಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬಣ್ಣದಲ್ಲಿ ಸಾಮಾನ್ಯವಾಗಿ ಎಡವುವುದು ಬೆಳಕಿನಲ್ಲಿ. ಬಲಗಡೆಯ ದೂರದ ಬಂಡೆಗಳಿಗೆ ಮಾತ್ರ ಹೊನ್ನಿನ ಬಿಸಿಲು, ಮುಂದಿನ ನೆಲ ಕಂದುಗತ್ತಲು. ಮುಂಭಾಗಕ್ಕೂ ಬೆಳಕು ಕೊಟ್ಟರೆ ಚಿತ್ರದ ಮೌನವೇ ಹೋಗುತ್ತದೆ. ಆಕಾಶದಲ್ಲಿ ಕುಂಚದ ಗೆರೆ ಕಾಣಬಾರದು, ಒಣ ಮೆತ್ತನೆ ಬ್ರಶ್‌ನಿಂದ ಹದವಾಗಿ ಸವರಿ. ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನವಕ್ಕೆ ಲಿನ್ಸೀಡ್ ಎಣ್ಣೆ ಹೆಚ್ಚು. ತಿರುವುಮುರುವಾದರೆ ಮೇಲ್ಪದರ ಬೇಗ ಒಣಗಿ, ಕೆಳಗಿನದು ನಿಧಾನಕ್ಕೆ ಅಲುಗಾಡಿ ಬಿರುಕು ಬಿಡುತ್ತದೆ.

ಪ್ರಶ್ನೆ: ಫ್ರೆಂಚ್ ಲೇಖಕ ವೋಲ್ಟೇರ್‌ನ ಮುಖ ಮಾಯವಾಗುವ ಚಿತ್ರವನ್ನು ಮೊಬೈಲಿನಲ್ಲಿ ಎಷ್ಟು ನೋಡಿದರೂ ಮುಖ ಮಾತ್ರ ಕಾಣುತ್ತದೆ, ಮಾಯವಾಗುವುದೇ ಇಲ್ಲ. ನನ್ನ ಕಣ್ಣಿನ ದೋಷವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಹಾಸನ

ಕಣ್ಣು ಸರಿಯಾಗಿದೆ, ಪರದೆ ಚಿಕ್ಕದು. ‘ಗುಲಾಮರ ಸಂತೆ, ಮರೆಯಾಗುವ ವೋಲ್ಟೇರ್ ಪ್ರತಿಮೆ’ (1940) ಸುಮಾರು 46 × 65 ಸೆಂ.ಮೀ. ಚಿತ್ರ. ನಡುವೆ ಕಪ್ಪು ಬಿಳುಪು ಹಳೆಯ ಉಡುಪಿನ ಇಬ್ಬರು ನಿಂತಿದ್ದಾರೆ. ಅವರ ತಲೆಗಳೇ ವೋಲ್ಟೇರನ ಕಣ್ಣುಗಳು, ಬಿಳಿ ಕೊರಳಪಟ್ಟಿಗಳೇ ಮೂಗು ಕೆನ್ನೆ, ಹಿಂದಿನ ಪಾಳುಗೋಡೆಯ ಕಿಂಡಿಯೇ ತಲೆ. ಎಡದಲ್ಲಿ ಮೇಜಿಗೆ ಮೊಳಕೈ ಊರಿ ನೋಡುತ್ತಿರುವವಳು ಗಾಲಾ.

ನಮ್ಮ ದೃಷ್ಟಿ ಸಣ್ಣ ವಿವರಗಳನ್ನೂ ದಪ್ಪ ನೆರಳು ಬೆಳಕನ್ನೂ ಬೇರೆ ಬೇರೆಯಾಗಿ ಹಿಡಿಯುತ್ತದೆ. ಹತ್ತಿರ ಹೋದಾಗ ಸಣ್ಣ ವಿವರ ಗೆದ್ದು ಇಬ್ಬರು ವ್ಯಕ್ತಿಗಳು ಕಾಣುತ್ತಾರೆ. ದೂರ ಸರಿದಾಗ ವಿವರ ಕರಗಿ, ದಪ್ಪ ಕಲೆಗಳು ಉಳಿದು ಮುಖವಾಗುತ್ತವೆ. ಮೊಬೈಲಿನಲ್ಲಿ ಚಿತ್ರ ಬೆರಳುದ್ದಕ್ಕೆ ಇಳಿದಿರುವುದರಿಂದ ನೀವು ಯಾವಾಗಲೂ ‘ದೂರ’ವೇ ಇದ್ದೀರಿ. ಕಂಪ್ಯೂಟರಿನಲ್ಲಿ ಅರ್ಧ ಮೀಟರಿಗಿಂತ ಅಗಲಕ್ಕೆ ಹಿಗ್ಗಿಸಿ, ಒಂದಡಿ ದೂರದಲ್ಲಿ ಕೂತು, ಒಬ್ಬರ ಕೊರಳಪಟ್ಟಿಯನ್ನಷ್ಟೇ ನೋಡಿ. ಮುಖ ಒಡೆಯುತ್ತದೆ. ನಂತರ ಕನ್ನಡಕ ತೆಗೆದು ನಾಲ್ಕು ಹೆಜ್ಜೆ ಹಿಂದೆ ಹೋದರೆ ಮತ್ತೆ ಕೂಡಿಕೊಳ್ಳುತ್ತದೆ. ಕನ್ನಡಕ ಇದ್ದವರಿಗೆ ಇದೊಂದು ಅನುಕೂಲ!

‘ನಾರ್ಸಿಸಸ್‌ನ ರೂಪಾಂತರ’ (1937, ಲಂಡನ್‌ನ ಟೇಟ್ ಸಂಗ್ರಹ) ಬೇರೆ ರೀತಿಯದು. ಅಲ್ಲಿ ಎರಡು ಆಕಾರ ಒಂದರೊಳಗೊಂದು ಅಡಗಿಲ್ಲ, ಪಕ್ಕಪಕ್ಕ ಇವೆ. ಎಡಕ್ಕೆ ಕೊಳದಲ್ಲಿ ಮಂಡಿಯ ಮೇಲೆ ತಲೆಯಿಟ್ಟು ಕೂತ ಹೊನ್ನಬಣ್ಣದ ಹುಡುಗ, ಗ್ರೀಕ್ ಪುರಾಣದಲ್ಲಿ ತನ್ನ ಬಿಂಬಕ್ಕೇ ಮನಸೋತು ಹೂವಾದ ನಾರ್ಸಿಸಸ್. ಬಲಕ್ಕೆ ಅದೇ ಆಕಾರ, ಆದರೆ ಬೂದುಬಣ್ಣದ ಕಲ್ಲಿನ ಕೈ. ತಲೆ ಇದ್ದಲ್ಲಿ ಬೆರಳತುದಿಯ ಮೊಟ್ಟೆ, ಮೊಟ್ಟೆ ಬಿರಿದು ನಾರ್ಸಿಸಸ್ ಹೂವು. ಕೈಯ ಮೇಲೆ ಇರುವೆ, ಪಕ್ಕದಲ್ಲಿ ಮಾಂಸ ಕಚ್ಚುತ್ತಿರುವ ಬಡಕಲು ನಾಯಿ. ಇದಕ್ಕೆ ನೋಡುವ ವಿಧಾನವನ್ನೂ ದಾಲಿಯೇ ಬರೆದಿಟ್ಟ: ತುಸು ದೂರ ನಿಂತು, ಮನಸ್ಸು ಎಲ್ಲೋ ಇರುವ ಹಾಗೆ ಹುಡುಗನನ್ನೇ ದಿಟ್ಟಿಸುತ್ತಿರಬೇಕು, ಆಗ ಆತ ಮೆಲ್ಲಗೆ ಮಾಯವಾಗುತ್ತಾನೆ. 1938ರ ಜುಲೈನಲ್ಲಿ ಲಂಡನ್ನಿನಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್‌ನನ್ನು ಕಾಣಲು ಹೋದಾಗ ದಾಲಿ ಜತೆಗೆ ಒಯ್ದದ್ದು ಈ ಚಿತ್ರವನ್ನೇ.

ಇಂಥದ್ದನ್ನು ಸ್ವತಃ ಬರೆಯಬೇಕೆನ್ನುವವರಿಗೆ ಒಂದು ಮಾತು: ಅಡಗಬೇಕಾದ ಮುಖದಿಂದ ಶುರು ಮಾಡಿ. ಅದನ್ನು ಐದಾರು ಕಪ್ಪು ಕಲೆಗಳಿಗೆ ಇಳಿಸಿ, ಪ್ರತಿ ಕಲೆಯೂ ಇನ್ನೇನಾಗಬಹುದೆಂದು ಯೋಚಿಸಿ. ಕಣ್ಣು ತಲೆಯಾಗಬಹುದು, ಗಲ್ಲದ ನೆರಳು ಮಡಕೆಯಾಗಬಹುದು. ಮುಖಕ್ಕೆ ಹೊರಗೆರೆ ಎಳೆದಿರೋ ಕೆಟ್ಟಿತು. ಆಮೇಲೆ ಏನು ಮಾಡಿದರೂ ಅದು ಮರೆಯಾಗುವುದಿಲ್ಲ.

ಪ್ರಶ್ನೆ: ದಾಲಿಗೆ ಬೆಂಗಳೂರಿನಿಂದ ಆನೆ ಹೋಗಿತ್ತಂತೆ. ಇದು ವಾಟ್ಸ್ಆ್ಯಪ್ ಕಥೆಯೋ, ನಿಜವೋ? ಆತನ ಚಿತ್ರದ ಉದ್ದಕಾಲಿನ ಆನೆಗಳು ನಮ್ಮವೇ?
— ಓದುಗರು, ಜಯನಗರ, ಬೆಂಗಳೂರು ಮತ್ತು ಮಡಿಕೇರಿ

ಆನೆ ಹೋದದ್ದು ನಿಜ. 1967ರಲ್ಲಿ ಏರ್ ಇಂಡಿಯಾ ತನ್ನ ಪ್ರಥಮ ದರ್ಜೆ ಪ್ರಯಾಣಿಕರಿಗೆ ಉಡುಗೊರೆ ಕೊಡಲು ದಾಲಿಯಿಂದ ಆ್ಯಶ್‌ಟ್ರೇ ವಿನ್ಯಾಸ ಮಾಡಿಸಿತು. ಫ್ರಾನ್ಸಿನ ಲಿಮೋಜ್ ಪಿಂಗಾಣಿಯಲ್ಲಿ ಸುಮಾರು 500 ತಯಾರಾದವು. ಸಂಭಾವನೆಯಾಗಿ ಆತ ಕೇಳಿದ್ದು ಆನೆಮರಿ. ಬೆಂಗಳೂರಿನಿಂದ ಮರಿಯೊಂದು ಮಾವುತನ ಜತೆ ವಿಮಾನದಲ್ಲಿ ಜಿನೀವಾಕ್ಕೆ, ಅಲ್ಲಿಂದ ಲಾರಿಯಲ್ಲಿ ಕಡಾಕೆಸ್‌ಗೆ ಹೋಯಿತು. ದಾಲಿಯ ಮನೆಯಿದ್ದ ಪೋರ್ಟ್ ಲಿಗಾಟ್ ಆ ಊರಿನ ಪಕ್ಕದ ಪುಟ್ಟ ಕೊಲ್ಲಿ. ಊರಿಗೆ ಊರೇ ಹಬ್ಬ ಮಾಡಿತು. ಬೆಳೆಯುವ ಆನೆಯನ್ನು ಮೀನುಗಾರರ ಹಳ್ಳಿಯಲ್ಲಿ ಸಾಕುವುದು ಆಗುವ ಮಾತಲ್ಲ. ಕೆಲ ವರ್ಷಗಳಲ್ಲಿ ಅದು ವಲೆನ್ಸಿಯಾದ ಮೃಗಾಲಯ ಸೇರಿತು.

ಆ್ಯಶ್‌ಟ್ರೇ ಕೂಡ ಒಂದು ಜೋಡಿಚಿತ್ರವೇ. ಚಿಪ್ಪಿನಾಕಾರದ ಬಟ್ಟಲು, ಅಂಚಿಗೆ ಸುತ್ತಿದ ಹಾವು, ಕೆಳಗೆ ಕಾಲುಗಳಾಗಿ ಹಂಸ ಮತ್ತು ಆನೆ. ತಲೆಕೆಳಗು ಮಾಡಿದರೆ ಆನೆಯ ಸೊಂಡಿಲು ಹಂಸದ ಕೊರಳು. 1937ರ ‘ಆನೆಗಳಾಗಿ ಪ್ರತಿಫಲಿಸುವ ಹಂಸಗಳು’ ಚಿತ್ರದಲ್ಲಿ ಕೊಳದ ನೀರು ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಕೈ ಮಾಡುತ್ತದೆ.

ಉದ್ದಕಾಲಿನ ಆನೆಗಳು ಮಾತ್ರ ನಮ್ಮವಲ್ಲ. ಅವು ಬರುವ ‘ಸಂತ ಆ್ಯಂಟನಿಯ ಪ್ರಲೋಭನೆ’ (1946, ಬ್ರಸೆಲ್ಸ್) ಚಿತ್ರ ಬೆಂಗಳೂರಿನ ಮರಿಗಿಂತ 21 ವರ್ಷ ಹಳೆಯದು. ಬೆನ್ನ ಮೇಲೆ ಕಲ್ಲಿನ ಕಂಬ ಹೊತ್ತ ಆನೆ ರೋಮಿನಲ್ಲಿ 17ನೇ ಶತಮಾನದ ಶಿಲ್ಪಿ ಬರ್ನಿನಿ ವಿನ್ಯಾಸ ಮಾಡಿದ ಶಿಲ್ಪದ್ದು. ಅದಕ್ಕೆ ಜೇಡನ ಕಾಲು ಜೋಡಿಸಿದ್ದಷ್ಟೇ ದಾಲಿಯ ಕೆಲಸ. ಆ ಚಿತ್ರ ಬರೆದದ್ದು ಒಂದು ಸಿನಿಮಾಕ್ಕಾಗಿ ನಡೆದ ಸ್ಪರ್ಧೆಗೆ. ಗೆದ್ದದ್ದು ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್, ಜನರ ನೆನಪಿನಲ್ಲಿ ಉಳಿದದ್ದು ದಾಲಿಯದು.

ಪ್ರಶ್ನೆ: ಗ್ಲಾಸ್ಗೋದಲ್ಲಿರುವ ಶಿಲುಬೆಯ ಚಿತ್ರದಲ್ಲಿ ಮೊಳೆ, ರಕ್ತ, ಮುಳ್ಳಿನ ಕಿರೀಟ ಏನೂ ಇಲ್ಲ. ಯಾಕೆ?
— ಓದುಗರು, ಮಂಗಳೂರು

ಅವು ಚಿತ್ರವನ್ನು ಕೆಡಿಸುತ್ತವೆಂದು ಕನಸಿನಲ್ಲಿ ಹೊಳೆಯಿತು ಎಂದು ದಾಲಿ ಹೇಳಿಕೊಂಡಿದ್ದ. ‘ಶಿಲುಬೆಯ ಸಂತ ಯೋಹಾನನ ಕ್ರಿಸ್ತ’ (1951) ಎಂಬ ಹೆಸರು ಬಂದದ್ದು 16ನೇ ಶತಮಾನದ ಆ ಸ್ಪ್ಯಾನಿಷ್ ಸಂತ ಬರೆದ ಪುಟ್ಟ ರೇಖಾಚಿತ್ರದಿಂದ. ಅದರಲ್ಲೂ ಶಿಲುಬೆಯನ್ನು ಮೇಲಿನಿಂದ, ಓರೆಯಾಗಿ ನೋಡಿದೆ. ನೇತುಬಿದ್ದ ದೇಹದ ಭಾರ ಸರಿಯಾಗಿ ಬರಲೆಂದು ಹಾಲಿವುಡ್‌ನ ಸ್ಟಂಟ್ ಕಲಾವಿದ ರಸೆಲ್ ಸಾಂಡರ್ಸ್‌ನನ್ನು ಮಾದರಿಯಾಗಿಸಿದ. ಭುಜ, ಬೆನ್ನಿನ ಸ್ನಾಯುಗಳು ನಂಬಿಕೆ ಹುಟ್ಟಿಸುವುದು ಅದಕ್ಕೇ. ಕೆಳಗಿನ ದೋಣಿ, ಕೊಲ್ಲಿ ಮತ್ತದೇ ಪೋರ್ಟ್ ಲಿಗಾಟ್. 205 × 116 ಸೆಂ.ಮೀ. ಚಿತ್ರವನ್ನು ಗ್ಲಾಸ್ಗೋ ನಗರ 1952ರಲ್ಲಿ 8,200 ಪೌಂಡಿಗೆ, ಹಕ್ಕುಸ್ವಾಮ್ಯದ ಸಮೇತ ಕೊಂಡಿತು. ದುಂದುವೆಚ್ಚವೆಂದು ಗಲಾಟೆಯೂ ಆಯಿತು. 1961ರಲ್ಲಿ ಸಂದರ್ಶಕನೊಬ್ಬ ಕ್ಯಾನ್ವಾಸ್ ಹರಿದ, ಆಮೇಲೆ ದುರಸ್ತಿ ಮಾಡಲಾಯಿತು.

ಪ್ರಶ್ನೆ: ಇಂಥ ಕಲ್ಪನೆಗಳು ಅಮಲಿನಿಂದ ಬಂದವೇ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ಅಮಲಿನಲ್ಲಿದ್ದವನ ಕೈಗೆ ಇಷ್ಟು ಸೂಕ್ಷ್ಮ ಕುಂಚದ ಕೆಲಸ ಒಗ್ಗುವುದಿಲ್ಲ. 1948ರಲ್ಲಿ ಪ್ರಕಟಿಸಿದ ಚಿತ್ರಕೌಶಲದ ಪುಸ್ತಕದಲ್ಲಿ ದಾಲಿ ಕೊಡುವ ಉಪಾಯ ಬೀಗದ ಕೈಯದ್ದು. ಕೈಯಿರುವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂರಬೇಕು. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಭಾರದ ಬೀಗದ ಕೈ ಹಗುರಾಗಿ ಹಿಡಿದಿರಬೇಕು. ಕೆಳಗೆ ನೆಲದ ಮೇಲೆ ಬೋರಲು ಹಾಕಿದ ತಟ್ಟೆ. ನಿದ್ದೆ ಹತ್ತಿದ ಕ್ಷಣ ಬೆರಳು ಸಡಿಲಿ ಕೀಲಿ ಬಿದ್ದು ಎಚ್ಚರವಾಗುತ್ತದೆ. ಆ ಹೊಸ್ತಿಲಲ್ಲಿ ಕಂಡದ್ದನ್ನು ಬರೆದುಕೊಳ್ಳುವುದು. ಸ್ಟೀಲ್ ತಟ್ಟೆ ಒಳ್ಳೆಯದು, ಚಾಪೆ ಹಾಸಿದ ನೆಲ ಬೇಡ. ಕೀಲಿಯನ್ನು ಬಿಗಿಯಾಗಿ ಹಿಡಿದರೆ ಗಾಢ ನಿದ್ದೆಗೇ ಜಾರುತ್ತೀರಿ.

ಪ್ರಶ್ನೆ: ವಿದೇಶದಲ್ಲಿರುವ ಮಗನಿಗೆ ‘ದಾಲಿಯ ಸಹಿ ಇರುವ ಅಸಲಿ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ), ಪ್ರಮಾಣಪತ್ರ ಸಮೇತ’ ಎಂದು ಒಬ್ಬರು ಮಾರಲು ಬಂದಿದ್ದಾರೆ. ಕೊಳ್ಳಬಹುದೇ?
— ಓದುಗರು, ಶಿವಮೊಗ್ಗ

ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟು ಕಾಗದವನ್ನು ನೋಡಲು ಹೇಳಿ. ದಾಲಿಯ ಪ್ರಿಂಟ್‌ಗಳಷ್ಟು ಖೋಟಾ ತುಂಬಿದ ಮಾರುಕಟ್ಟೆ ಅಪರೂಪ, ಅದಕ್ಕೆ ಆತನೂ ಕಾರಣ. ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಿದ್ದ. 1974ರಲ್ಲಿ ಫ್ರೆಂಚ್ ಕಸ್ಟಮ್ಸ್‌ನವರು ಅಂಡೋರಾಕ್ಕೆ ಹೊರಟಿದ್ದ ಲಾರಿ ತಡೆದಾಗ ಸಹಿ ಹಾಕಿದ 40,000 ಖಾಲಿ ಹಾಳೆ ಸಿಕ್ಕವು. ಹಾಗಾಗಿ ಸಹಿ ಅಸಲಿ, ಚಿತ್ರ ನಕಲಿ ಎಂಬ ವಿಚಿತ್ರವೂ ಇಲ್ಲಿ ಸಾಧ್ಯ.

ಮೊದಲು ಚೌಕಟ್ಟಿನಿಂದ ಹೊರತೆಗೆಸಿ. ತೆಗೆಯಲು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಾಗದ ಕಂಪನಿಯ ನೀರಚ್ಚು ಕಾಣುತ್ತದೆ. ‘ಆರ್ಶ್’ ಹೆಸರಿನ ಜತೆ ಮಲಗಿದ ಎಂಟರಂಥ ಅನಂತದ ಚಿಹ್ನೆ ಇದ್ದರೆ ಆ ಕಾಗದ 1980ರ ನಂತರದ್ದು. ಆ ಹೊತ್ತಿಗೆ ದಾಲಿಯ ಕೈ ನಡುಗುತ್ತಿತ್ತು. ‘1968’ ಎಂದು ಬರೆದು ದೃಢವಾದ ಸಹಿ ಇದ್ದರೆ ಅದು ಸುಳ್ಳೆಂದೇ ತಿಳಿಯಿರಿ. ನೀರಚ್ಚು ಕಾಣದ ಹಾಗೆ ಅಂಚು ಕತ್ತರಿಸಿದ್ದರೂ ಅನುಮಾನ ಪಡಬೇಕು.

ನಂತರ 10 ಪಟ್ಟು ಹಿಗ್ಗಿಸುವ ಲೂಪ್, ಆಭರಣದಂಗಡಿಯವರು ಕಣ್ಣಿಗೆ ಹಾಕಿಕೊಳ್ಳುವಂಥದ್ದು. ಬಣ್ಣವೆಲ್ಲ ಹೂವಿನಂತೆ ಜೋಡಿಸಿದ ಸಮಸಮ ಚುಕ್ಕೆಗಳಾಗಿ ಒಡೆದರೆ ಅದು ನಮ್ಮ ಪತ್ರಿಕೆ ಅಚ್ಚಾಗುವ ರೀತಿಯ ಆಫ್‌ಸೆಟ್. ಕೈಯಿಂದ ಮಾಡಿದ ಲಿಥೋಗ್ರಾಫ್‌ನಲ್ಲಿ ಕಲ್ಲಿನ ಒರಟು ಕಾಳು ಅಡ್ಡಾದಿಡ್ಡಿ ಕಾಣುತ್ತದೆ. ‘ಎಚ್ಚಿಂಗ್’ ಎಂದು ಹೇಳಿದ್ದರೆ ತಗಡು ಒತ್ತಿದ ಚೌಕದ ಗುರುತು ಬೆರಳಿಗೆ ಸಿಗಬೇಕು. ಇಷ್ಟೆಲ್ಲ ದಾಟಿದರೆ ಆಲ್ಬರ್ಟ್ ಫೀಲ್ಡ್ ತಯಾರಿಸಿದ ದಾಲಿ ಮುದ್ರಣಚಿತ್ರಗಳ ಸೂಚಿಯಲ್ಲಿ ಆ ಚಿತ್ರ, ಅದರ ಅಳತೆ, ಪ್ರತಿಗಳ ಸಂಖ್ಯೆ ಹೊಂದುತ್ತದೆಯೇ ನೋಡಬೇಕು. ಒಂದೇ ಚಿತ್ರ ಸಾದಾ ಅಂಕಿಯಲ್ಲಿ 300, ರೋಮನ್ ಅಂಕಿಯಲ್ಲಿ 150, ‘ಕಲಾವಿದನ ಪ್ರತಿ’ ಎಂದು ಇನ್ನಷ್ಟು ಎಂದು ಬೆಳೆದಿರುವುದುಂಟು, ‘300ರಲ್ಲಿ ಒಂದು’ ಎಂಬ ಮಾತಿಗೆ ಮಾರುಹೋಗಬೇಡಿ. ಗೋಡೆಗೆ ಚೆಂದ ಕಾಣಲಿ ಎಂಬುದಷ್ಟೇ ಆಸೆಯಾದರೆ ಮ್ಯೂಸಿಯಂ ಅಂಗಡಿಯ ಪೋಸ್ಟರ್ ಸಾಕು. ಅಚ್ಚು ಹೆಚ್ಚುಕಡಿಮೆ ಅದೇ, ಸುಳ್ಳು ಮಾತ್ರ ಇರುವುದಿಲ್ಲ.

ಪ್ರಶ್ನೆ: ಬಾರ್ಸಿಲೋನಾಕ್ಕೆ ಹೋಗುತ್ತಿದ್ದೇವೆ, ಒಂದು ದಿನ ದಾಲಿಗೆಂದು ಇಟ್ಟಿದ್ದೇವೆ. ಏನು ನೋಡಬೇಕು?
— ದಂಪತಿ, ಹುಬ್ಬಳ್ಳಿ

ಕರಗುವ ಗಡಿಯಾರ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇವೆ. ಸ್ಪೇನಿನ ಅಂತರ್ಯುದ್ಧದ ಮುನ್ಸೂಚನೆಯೆಂದು ಹೆಸರಾದ ಬೇಯಿಸಿದ ಅವರೆಯ ಚಿತ್ರವೂ (1936) ಸಿಗುವುದಿಲ್ಲ, ಅದು ಫಿಲಡೆಲ್ಫಿಯಾದಲ್ಲಿದೆ. ಬಾರ್ಸಿಲೋನಾ ಸಾಂಟ್ಸ್ ನಿಲ್ದಾಣದಿಂದ ಅತಿವೇಗದ ರೈಲಿನಲ್ಲಿ ಫಿಗೆರಸ್-ವಿಲಾಫಾಂಟ್‌ಗೆ ಒಂದು ಗಂಟೆಯೊಳಗೆ ತಲುಪಬಹುದು, ಅಲ್ಲಿಂದ ಇಪ್ಪತ್ತು ನಿಮಿಷ ನಡಿಗೆ. ಸಾಧಾರಣ ರೈಲು ಅಗ್ಗ, ಸುಮಾರು ಎರಡು ಗಂಟೆ, ಆದರೆ ಅದರ ನಿಲ್ದಾಣ ಊರಿಗೆ ಹತ್ತಿರ. ಒಂದೇ ದಿನದಲ್ಲಿ ಪೋರ್ಟ್ ಲಿಗಾಟ್ ಮನೆಯನ್ನೂ ಸೇರಿಸಲು ಹೋಗಬೇಡಿ. ಅಲ್ಲಿಗೆ ಸಣ್ಣ ತಂಡಗಳಲ್ಲಿ, ಮುಂಗಡ ಬುಕಿಂಗ್ ಇದ್ದರಷ್ಟೇ ಪ್ರವೇಶ. ಬಸ್ ತಪ್ಪಿದರೆ ಎರಡೂ ಕೆಡುತ್ತವೆ.

ಫಿಗೆರಸ್‌ನ ದಾಲಿ ರಂಗಮಂದಿರ-ಸಂಗ್ರಹಾಲಯ 1939ರಲ್ಲಿ ಸುಟ್ಟುಹೋದ ಪುರಸಭೆಯ ನಾಟಕಶಾಲೆಯ ಮೇಲೆ ಎದ್ದು, 1974ರ ಸೆಪ್ಟೆಂಬರ್ 28ರಂದು ತೆರೆದದ್ದು. ಅಂಗಳದ ಕ್ಯಾಡಿಲಾಕ್ ಕಾರಿಗೆ ನಾಣ್ಯ ಹಾಕಿದರೆ ಒಳಗೆ ಮಳೆ ಸುರಿಯುತ್ತದೆ. ಜನರೆಲ್ಲ ಅಲ್ಲೇ ಮುತ್ತಿಕೊಂಡಿರುತ್ತಾರೆ. ನೀವು ಮೊದಲು ‘ಬ್ರೆಡ್ಡಿನ ಬುಟ್ಟಿ’ (1945) ಎಲ್ಲಿದೆ ಎಂದು ಹುಡುಕಿ. ಒಂದು ತುಂಡು ಬ್ರೆಡ್ಡು, ಮೇಜಿನ ಅಂಚು, ಕತ್ತಲು, ಅಷ್ಟೇ. ಗಡಿಯಾರ ಕರಗಿದರೂ ನಾವು ನಂಬುವುದು ಯಾಕೆಂದು ತಿಳಿಯಲು ಆ ಬ್ರೆಡ್ಡಿನ ಸಿಪ್ಪೆಯನ್ನು ಐದು ನಿಮಿಷ ನೋಡಬೇಕು. ‘ಗೋಳಗಳ ಗಲಾಟೆಯಾ’ (1952), ‘ಲೀಡಾ ಅಟಾಮಿಕಾ’ (1949) ಎರಡೂ ಅಲ್ಲಿವೆ. ದಾಲಿಯ ಸಮಾಧಿಯೂ ಅಲ್ಲೇ, ಹಳೆಯ ರಂಗದ ನೆಲದಡಿ. 2017ರಲ್ಲಿ ಪಿತೃತ್ವದ ದಾವೆಗೆಂದು ಅದನ್ನು ತೆರೆದಾಗ ಮೀಸೆ ಇನ್ನೂ ಹತ್ತು ಗಂಟೆ ಹತ್ತು ನಿಮಿಷದ ಮುಳ್ಳಿನಂತೆ ನೆಟ್ಟಗಿತ್ತು. ದಾವೆ ಬಿದ್ದುಹೋಯಿತು.

ಅಂಗಳದಾಚೆಯ ಗುಮ್ಮಟದ ಕೆಳಗೆ ಗಾಲಾ ಬೆನ್ನು ಹಾಕಿ ನಿಂತು ಸಮುದ್ರ ನೋಡುವ ದೊಡ್ಡ ಚಿತ್ರವಿದೆ. ಇಪ್ಪತ್ತು ಮೀಟರ್ ದೂರದಿಂದ ಅದು ಅಬ್ರಹಾಂ ಲಿಂಕನ್. ಜನಜಂಗುಳಿಯಲ್ಲಿ ಅಷ್ಟು ದೂರ ಹೋಗಲು ಜಾಗ ಸಿಗದಿದ್ದರೆ ಫೋನಿನ ಕ್ಯಾಮೆರಾ ತೆರೆದು ಪರದೆಯಲ್ಲಿ ನೋಡಿ. ಹಾಸನದ ಓದುಗರಿಗೆ ಕೈಕೊಟ್ಟ ಚಿಕ್ಕ ಪರದೆ ಇಲ್ಲಿ ಕೆಲಸಕ್ಕೆ ಬರುತ್ತದೆ.